ರಾಜ್ಯದ ಕಲಾ ಯೋಜನೆಯಲ್ಲಿ ನಮ್ಮ ಜಿಲ್ಲೆ ಎಲ್ಲಿದೆ? ಹಾಸನದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ರಾಜ್ಯದಲ್ಲಿ ಕಲೆ, ಸಂಸ್ಕೃತಿಗೆ ಒಂದು ಗಟ್ಟಿ ಯೋಜನೆ ಬೇಕು ಅನ್ನುವ ಮಾತು ಬಂದಾಗಲೆಲ್ಲ ನಮ್ಮ ಕಡೆಯ ತಂಡಗಳವರು ಒಂದಿಷ್ಟು ಪ್ರಶ್ನೆ ಕೇಳುತ್ತಾರೆ. ಹಾಸನದವರು ಜಾಸ್ತಿ, ಪಕ್ಕದ ಕಡೂರು, ಚಿಕ್ಕಮಗಳೂರಿನವರೂ ಇದ್ದಾರೆ. ಕೇಳಿದ್ದನ್ನೇ ಕೇಳುತ್ತಾರೆ, ಹೇಳಿದ್ದನ್ನೇ ಹೇಳುತ್ತೇನೆ. ಅದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಕೆಲವು ಉತ್ತರ ಉದ್ದ, ಕೆಲವು ಒಂದೆರಡು ಸಾಲು. ನನ್ನ ಅಭಿಪ್ರಾಯವೂ ನಡುವೆ ಬರುತ್ತೆ, ಒಪ್ಪಬೇಕು ಅಂತೇನಿಲ್ಲ.

ರಾಜ್ಯಮಟ್ಟದ ಯೋಜನೆ ಅಂದರೆ ಬೆಂಗಳೂರಿನವರ ವಿಷಯ. ನಮಗೇನು?

ಬರೆಯುವುದು ಬೆಂಗಳೂರಿನಲ್ಲೇ ಇರಬಹುದು. ಆದರೆ ಬರೆಯುವುದಕ್ಕೆ ಬೇಕಾದ ಮಾಹಿತಿ ತಾಲ್ಲೂಕುಗಳಿಂದಲೇ ಹೋಗಬೇಕು. ಎಲ್ಲಿ ಯಾವ ಕಲೆ ಇದೆ, ಕಲಿಸುವವರು ಯಾರು ಉಳಿದಿದ್ದಾರೆ, ಅವರಿಗೆ ವಯಸ್ಸೆಷ್ಟು, ಕಲಿಯುವುದಕ್ಕೆ ಹುಡುಗರು ಬರುತ್ತಾರಾ, ಅಭ್ಯಾಸಕ್ಕೆ ಜಾಗ ಇದೆಯಾ, ಇವೆಲ್ಲ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಮೂಡಲಪಾಯ ಇದೆ, ಅಂದರೆ ಬಯಲುಸೀಮೆಯ ಯಕ್ಷಗಾನ ಬಯಲಾಟ. ಗ್ರಾಮದೇವತೆಯ ಹಬ್ಬದಲ್ಲಿ ದೊಡ್ಡ ಮುಖವಾಡ ಹೊತ್ತು ಕುಣಿಯುವ ಸೋಮನ ಕುಣಿತ ಇದೆ, ವಾದ್ಯದವರ ಚಿಟ್ಟಿಮೇಳ ಇದೆ. ಸಕಲೇಶಪುರದ ಕಡೆ ಹೋದರೆ ಸುಗ್ಗಿ ಕುಣಿತ. ಕಡೂರು, ತರೀಕೆರೆ ಕಡೆ ವೀರಗಾಸೆ. ಕೊಪ್ಪ, ಶೃಂಗೇರಿ ಕಡೆ ದೀಪಾವಳಿ ರಾತ್ರಿ ದೀಪ ಹಿಡಿದು ಮನೆ ಮನೆಗೆ ಹಾಡಿಕೊಂಡು ಬರುವ ಅಂಟಿಗೆ ಪಂಟಿಗೆಯವರು. ಎರಡು ಜಿಲ್ಲೆಗೆ ಇಷ್ಟು, ಅದೂ ಸುಮ್ನೆ ನೆನಪಿಗೆ ಬಂದದ್ದು. ಇದು ಯಾವ ಕಡತದಲ್ಲೂ ಇಲ್ಲದಿದ್ದರೆ, ಅರ್ಜಿ ಹಾಕಿದವರಷ್ಟೇ ಕಲಾವಿದರು ಅಂತ ಲೆಕ್ಕವಾಗುತ್ತೆ. ಈಗ ಹೆಚ್ಚುಕಮ್ಮಿ ಆಗಿರುವುದೇ ಅದು.

ಸರ್ಕಾರದ ಸಾಂಸ್ಕೃತಿಕ ನೀತಿ ಆಗಲೇ ಬಂದಿದೆಯಲ್ಲ?

ಬಂದಿದೆ. ಬರಗೂರು ರಾಮಚಂದ್ರಪ್ಪ ಅವರ ಅಧ್ಯಕ್ಷತೆಯ ಸಮಿತಿ 2014ರಲ್ಲಿ ವರದಿ ಕೊಟ್ಟಿತು. ಅದರ ಮೇಲೆ ಸಂಪುಟ ಉಪಸಮಿತಿ ಕೂತು ನೋಡಿತು. 2017ರಲ್ಲಿ ಸರ್ಕಾರ ಒಪ್ಪಿಕೊಂಡಿತು. ಒಳ್ಳೆಯ ಕೆಲಸವೇ. ಆದರೆ ನೀತಿ ಏನು ಆಗಬೇಕು ಅಂತ ಹೇಳುತ್ತೆ. ಯಾರು ಮಾಡಬೇಕು, ಯಾವ ವರ್ಷದೊಳಗೆ, ಯಾವ ತಾಲ್ಲೂಕಿಗೆ ಎಷ್ಟು ದುಡ್ಡು, ಆಗದಿದ್ದರೆ ಯಾರನ್ನು ಕೇಳಬೇಕು, ಇದು ಬೇರೆ ಕೆಲಸ. ಆ ಕೆಲಸ ಪ್ರತಿ ವರ್ಷದ ಬಜೆಟ್ಟಿನ ಜೊತೆ ನಡೆಯಬೇಕು, ಇಲ್ಲದಿದ್ದರೆ ನೀತಿ ಬೀರುವಿನಲ್ಲೇ ಇರುತ್ತೆ.

ಇಲಾಖೆ, ಅಕಾಡೆಮಿ, ನಾಟಕದ ರಂಗಾಯಣ ಅಂತ ಹತ್ತಾರು ಇವೆ. ಯಾರ ಹತ್ತಿರ ಹೋಗಬೇಕು?

ಮೊದಲು ಜಿಲ್ಲೆಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಸಹಾಯಕ ನಿರ್ದೇಶಕರ ಕಚೇರಿಗೆ ಹೋಗಿ. ಮಾಸಾಶನ, ಸಂಘಗಳಿಗೆ ಧನಸಹಾಯ, ವಾದ್ಯ ಮತ್ತು ವೇಷಭೂಷಣದ ಸಹಾಯ, ಇಲಾಖೆಯ ಕಾರ್ಯಕ್ರಮಗಳಲ್ಲಿ ಅವಕಾಶ, ಎಲ್ಲದಕ್ಕೂ ಶುರು ಅಲ್ಲಿಂದಲೇ. ಅರ್ಜಿಗಳು ಸರ್ಕಾರದ ಸೇವಾ ಸಿಂಧು ಆನ್‌ಲೈನ್ ತಾಣದ ಮೂಲಕ ಹೋಗುತ್ತವೆ. ಆದರೂ ಒಮ್ಮೆ ಮುಖ ತೋರಿಸಿ ಬನ್ನಿ.

ಅಕಾಡೆಮಿಗಳು ಕಲೆಗೆ ತಕ್ಕ ಹಾಗೆ ಬೇರೆ ಬೇರೆ. ಜಾನಪದಕ್ಕೊಂದು, ನಾಟಕಕ್ಕೊಂದು, ಸಂಗೀತ ನೃತ್ಯಕ್ಕೊಂದು, ಶಿಲ್ಪಕ್ಕೊಂದು, ಲಲಿತಕಲೆಗೊಂದು. ಮೊದಲು ಯಕ್ಷಗಾನ ಬಯಲಾಟ ಅಂತ ಒಂದೇ ಇತ್ತು, ಈಗ ಯಕ್ಷಗಾನ ಬೇರೆ, ಬಯಲಾಟ ಬೇರೆ. ಮೂಡಲಪಾಯದವರು ಯಾವ ಮನೆ ಬಾಗಿಲು ತಟ್ಟಬೇಕು? ಎರಡಕ್ಕೂ ಬರೆಯಿರಿ. ಒಬ್ಬರು ಅವರ ಕಡೆ ಕೈ ತೋರಿಸುತ್ತಾರೆ, ಅವರು ಇವರ ಕಡೆ ತೋರಿಸುತ್ತಾರೆ. ಯೋಜನೆ ಮಾಡುವವರು ಸರಿ ಮಾಡಬೇಕಾದ ಸಣ್ಣ ಕೆಲಸಗಳಲ್ಲಿ ಇದೂ ಒಂದು.

ನಾವು ಪೌರಾಣಿಕ ನಾಟಕದವರು. ನಮ್ಮನ್ನು ಯಾರೂ ಕಲಾವಿದರು ಅಂತಲೇ ಲೆಕ್ಕಕ್ಕೆ ತಗೊಳ್ಳಲ್ಲ. ಯಾಕೆ?

ಈ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರವೇ ಬೇಕು.

ನಮ್ಮ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಹೇಗೆ ನಡೆಯುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ, ಆದರೆ ಹೊರಗಿನವರು ನಂಬುವುದಿಲ್ಲ. ಪಾತ್ರ ಮಾಡುವವನೇ ದುಡ್ಡು ಕೊಡುತ್ತಾನೆ! ಕೃಷ್ಣನ ಪಾರ್ಟಿಗೆ ಒಂದು ರೇಟು, ದುರ್ಯೋಧನನಿಗೆ ಒಂದು ರೇಟು, ಭೀಮ, ಕರ್ಣ, ಶಕುನಿ ಅಂತ ಇಳಿಯುತ್ತಾ ಬಂದು ಸಣ್ಣ ಪಾರ್ಟಿನವರು ಕಡಿಮೆ ಹಾಕುತ್ತಾರೆ. ಹಗಲು ಜೋಳದ ಹೊಲದಲ್ಲಿ, ಕೊಬ್ಬರಿ ಮಂಡಿಯಲ್ಲಿ, ಆಟೋ ಸ್ಟ್ಯಾಂಡಿನಲ್ಲಿ ಇರುವವರು ರಾತ್ರಿ ಊಟ ಮುಗಿಸಿ ಬಂದು ಹಾರ್ಮೋನಿಯಂ ಪಕ್ಕ ಕೂತು ತಿಂಗಳುಗಟ್ಟಲೆ ನಾಟಕದ ಹಾಡು, ಕಂದ, ವೃತ್ತ ಅನ್ನುವ ಪದ್ಯ ಕಲಿಯುತ್ತಾರೆ. ಮೇಷ್ಟ್ರು ಒಂದು ಸಾಲು ಹೇಳಿಕೊಡುತ್ತಾರೆ, ಇವನು ಶ್ರುತಿ ಬಿಟ್ಟು ಹಾಡುತ್ತಾನೆ, ಮೇಷ್ಟ್ರು ಕಪ್ಪು ಮನೆ ಒತ್ತಿ ಹಿಡಿದು ಅವನ ಮುಖವನ್ನೇ ನೋಡುತ್ತಾ ಕೂರುತ್ತಾರೆ, ಅವನು ಸ್ವರಕ್ಕೆ ಬರುವ ತನಕ ಬೆರಳು ತೆಗೆಯುವುದಿಲ್ಲ. ಸೇರಿಸಿದ ದುಡ್ಡು ಮೇಷ್ಟ್ರಿಗೆ, ಸೀನರಿಗೆ, ಡ್ರೆಸ್ಸಿಗೆ, ಮೈಕಿನವರಿಗೆ, ತಬಲಾದವರಿಗೆ ಹಂಚಿಹೋಗುತ್ತೆ. ದ್ರೌಪದಿ, ಕುಂತಿ ಪಾರ್ಟಿಗೆ ಬೇರೆ ಊರಿನಿಂದ ಕಲಾವಿದೆಯರು ಬರುತ್ತಾರೆ. ಆ ವೇದಿಕೆಯ ಮೇಲೆ ನಟಿಸಿ ಸಂಭಾವನೆ ತಗೊಳ್ಳುವವರು ಹೆಚ್ಚಾಗಿ ಅವರೇ.

ಈಗ ನೋಡಿ, ಇಲ್ಲಿ ದೊಡ್ಡ ವ್ಯವಹಾರವೇ ಇದೆ. ಕಲಿಸುವವರಿದ್ದಾರೆ, ಬಾಡಿಗೆ ಕೊಡುವವರಿದ್ದಾರೆ, ರಾತ್ರಿ ಬಸ್ಸಿಲ್ಲದ ಊರಿಗೆ ಬಂದು ಬೆಳಗಿನ ಜಾವ ಯಾವುದೋ ಟೆಂಪೋ ಹತ್ತಿ ಹೋಗುವ ಕಲಾವಿದೆಯರಿದ್ದಾರೆ. ಸರ್ಕಾರದ ಒಂದು ರೂಪಾಯಿ ಇಲ್ಲ. ಅರ್ಜಿ ಹಾಕುವುದಿಲ್ಲವಾದ್ದರಿಂದ ಯಾವ ಪಟ್ಟಿಯಲ್ಲೂ ಇಲ್ಲ. ತಂಡಕ್ಕೆ ಹೆಸರಿಲ್ಲ, ನಾಟಕ ಮುಗಿದರೆ ತಂಡವೂ ಮುಗಿಯಿತು. ಇದಕ್ಕೆ ಅನುದಾನ ಕೊಡಿ ಅಂತ ನಾನು ಕೇಳುತ್ತಿಲ್ಲ. ಕೈಯಿಂದ ದುಡ್ಡು ಹಾಕುವ ಹುಮ್ಮಸ್ಸು ಅನುದಾನ ಬಂದರೆ ಉಳಿಯುತ್ತೋ ಇಲ್ಲವೋ ಅನ್ನುವ ಅನುಮಾನ ನನಗಿದೆ. ಆದರೆ ಹಾರ್ಮೋನಿಯಂ ಮೇಷ್ಟ್ರು ವಯಸ್ಸಾದ ಮೇಲೆ ಮಾಸಾಶನಕ್ಕೆ ಅರ್ಜಿ ಹಾಕಿದರೆ ದಾಖಲೆ ಎಲ್ಲಿ ಅಂತ ಕೇಳಬಾರದು. ಆ ಹೆಣ್ಣುಮಕ್ಕಳಿಗೆ ಒಂದು ವಿಮೆ, ಇಳಿದುಕೊಳ್ಳಲು ಮರ್ಯಾದೆಯ ಜಾಗ, ಇಷ್ಟಾದರೂ ಯೋಜನೆಯಲ್ಲಿ ಬರಬೇಕು. ಬರಬೇಕಾದರೆ ಮೊದಲು ಇವರು ಇದ್ದಾರೆ ಅಂತ ಗೊತ್ತಾಗಬೇಕು, ಅಲ್ವಾ?

ಹಾಗಾದರೆ ಈ ಲೆಕ್ಕ ಯಾರು ಮಾಡಬೇಕು?

ಗ್ರಾಮ ಪಂಚಾಯಿತಿ ಮಾಡಬಹುದು. ಇದು ಬಹಳ ಜನಕ್ಕೆ ಗೊತ್ತಿಲ್ಲ. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ, ಅದರಲ್ಲಿ 21ನೆಯದು ಸಾಂಸ್ಕೃತಿಕ ಚಟುವಟಿಕೆ. ಪಂಚಾಯಿತಿ ಅಂದರೆ ಚರಂಡಿ, ಬೀದಿ ದೀಪ, ನರೇಗಾ ಅಷ್ಟೇ ಅಂತ ನಾವು ತಿಳಿದುಕೊಂಡಿದ್ದೇವೆ, ಅವರೂ ಹಾಗೇ ತಿಳಿದುಕೊಂಡಿದ್ದಾರೆ. ಪ್ರತಿ ವರ್ಷ ಪಂಚಾಯಿತಿ ಅಭಿವೃದ್ಧಿ ಯೋಜನೆ ತಯಾರಿಸುವಾಗ ಗ್ರಾಮಸಭೆ ಕರೆಯುತ್ತಾರೆ. ಅಲ್ಲಿ ಎದ್ದು ನಿಂತು ಎರಡು ವಿಷಯ ಬರೆಸಿ. ಊರಿನ ಕಲಾವಿದರ ಪಟ್ಟಿ ಮಾಡಬೇಕು ಅನ್ನುವುದು ಒಂದು. ಸಮುದಾಯ ಭವನವನ್ನೋ ರಂಗಮಂದಿರವನ್ನೋ ಅಭ್ಯಾಸಕ್ಕೆ ವಾರದಲ್ಲಿ ಇಂಥ ದಿನ ಬಿಟ್ಟುಕೊಡಬೇಕು ಅನ್ನುವುದು ಇನ್ನೊಂದು. ಎರಡಕ್ಕೂ ದೊಡ್ಡ ದುಡ್ಡು ಬೇಡ. ಸಭೆಯ ನಡಾವಳಿಯಲ್ಲಿ ಬರೆದರಾ ಅಂತ ನೋಡಿಕೊಂಡು ಬನ್ನಿ, ತಲೆ ಆಡಿಸಿದ್ದು ಲೆಕ್ಕಕ್ಕಿಲ್ಲ.

ಪಟ್ಟಿಯಲ್ಲಿ ಹೆಸರು, ಊರು, ಕಲೆ, ಯಾರ ಹತ್ತಿರ ಕಲಿತದ್ದು, ಈಗ ಯಾರಿಗಾದರೂ ಕಲಿಸುತ್ತಿದ್ದಾರಾ, ಇಷ್ಟಿದ್ದರೆ ಸಾಕು. ಕೊನೆಯದೇ ಮುಖ್ಯ.

ಮೇಲೆ ಜಿಲ್ಲಾ ಯೋಜನಾ ಸಮಿತಿ ಇರುತ್ತೆ. ಪಂಚಾಯಿತಿಗಳ ಯೋಜನೆಯನ್ನೂ ಪಟ್ಟಣಗಳ ಯೋಜನೆಯನ್ನೂ ಒಟ್ಟು ಸೇರಿಸಿ ಜಿಲ್ಲೆಯ ಕರಡು ಯೋಜನೆ ಮಾಡುವುದು ಅದರ ಕೆಲಸ, ಇದೂ ಸಂವಿಧಾನದಲ್ಲೇ ಇದೆ. ಕೆಳಗಿನಿಂದ ಕಲೆಯ ಒಂದು ಸಾಲೂ ಹೋಗದಿದ್ದರೆ ಅವರು ಏನನ್ನು ಸೇರಿಸುತ್ತಾರೆ?

ಕೇಂದ್ರದವರು ಊರೂರಿನ ಸಂಸ್ಕೃತಿ ದಾಖಲೆ ಮಾಡುತ್ತಿದ್ದಾರಂತೆ?

ಹೌದು, ಮೇರಾ ಗಾಂವ್ ಮೇರಿ ಧರೋಹರ್ ಅಂತ 2023ರಲ್ಲಿ ಶುರುವಾಗಿದೆ. ಹಬ್ಬ, ಆಹಾರ, ಕಲೆ, ದೇವಸ್ಥಾನ ಎಲ್ಲದರ ಮಾಹಿತಿ ಸೇರಿಸುತ್ತಾರೆ. ನಿಮ್ಮ ಊರಿನ ಹೆಸರು ಹುಡುಕಿ ನೋಡಿ. ಊರಿನ ಪಟ್ಟಿಯ ಕೆಲಸ ಅದರಿಂದ ತಪ್ಪುವುದಿಲ್ಲ.

ನಾವು ಪಟ್ಟಣದವರು, ನಮಗೆ ಪಂಚಾಯಿತಿ ಇಲ್ಲ.

ನಗರಸಭೆ, ಪುರಸಭೆಗಳಿಗೆ ಸಂವಿಧಾನದ 12ನೇ ಅನುಸೂಚಿ ಇದೆ. ಅದರಲ್ಲೂ ಸಂಸ್ಕೃತಿಯ ವಿಷಯ ಇದೆ. ವಾರ್ಡಿನ ಸದಸ್ಯರನ್ನು ಹಿಡಿಯಿರಿ.

ಮೂಡಲಪಾಯ ಇನ್ನು ಎಷ್ಟು ದಿನ?

ಹಾಡಿ ಆಟ ನಡೆಸುವ, ಕಲಿಸುವ ಭಾಗವತರು ಇರುವ ತನಕ. ಸತ್ಯ ಅಷ್ಟೇ.

ಆದರೆ ಕಷ್ಟ ಅದೊಂದೇ ಅಲ್ಲ. ಮುಖವೀಣೆ ಊದುವವರು ಸಿಗುವುದಿಲ್ಲ, ಹಾರ್ಮೋನಿಯಂ ಇಟ್ಟುಕೊಂಡು ನಡೆಸುತ್ತಾರೆ. ಮರದ ಕಿರೀಟ, ಭುಜಕೀರ್ತಿ, ಎದೆಹಾರ ಮಾಡುವ ಕೈಗಳು ಇನ್ನೂ ಕಡಿಮೆ. ಹಳೆಯ ಸೆಟ್ಟಿಗೇ ಬಣ್ಣ ಬಳಿದು, ಉದುರಿದ ಕನ್ನಡಿ ಚೂರನ್ನು ಮತ್ತೆ ಅಂಟಿಸಿ ಬಾಡಿಗೆಗೆ ಕೊಡುತ್ತಾರೆ. ಆಟ ರಾತ್ರಿಯಿಡೀ ನಡೆಯಬೇಕು. ಇಲ್ಲಿ ಕಾನೂನಿನ ತೊಡಕು ಬರುತ್ತೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಮೈಕು ಹಾಕುವ ಹಾಗಿಲ್ಲ. ಹಬ್ಬ, ಸಾಂಸ್ಕೃತಿಕ ಸಂದರ್ಭ ಅಂತ ರಾಜ್ಯ ಸರ್ಕಾರ 12 ಗಂಟೆ ತನಕ ಸಡಿಲಿಸಬಹುದು, ಅದೂ ವರ್ಷಕ್ಕೆ 15 ದಿನ ಮೀರದ ಹಾಗೆ. ನಿಯಮ ತಪ್ಪು ಅಂತ ನಾನು ಹೇಳುವುದಿಲ್ಲ. ಪರೀಕ್ಷೆಗೆ ಓದುವ ಮಕ್ಕಳಿರುತ್ತಾರೆ, ಹುಷಾರಿಲ್ಲದವರು ಇರುತ್ತಾರೆ. ಕರಾವಳಿಯ ಯಕ್ಷಗಾನದವರು ಕಾಲಮಿತಿ ಪ್ರಯೋಗ ಮಾಡಿಕೊಂಡರು. ಮೂಡಲಪಾಯಕ್ಕೂ ಆ ದಾರಿ ಇದೆ. ಆದರೆ ಪ್ರಸಂಗವನ್ನು ಮೂರು ಗಂಟೆಗೆ ಇಳಿಸುವುದು ಅಂದರೆ ಕತ್ತರಿ ಹಾಕುವುದಷ್ಟೇ ಅಲ್ಲ, ಯಾವ ಪದ ಬಿಡಬೇಕು, ಯಾವ ಕುಣಿತ ಉಳಿಸಬೇಕು ಅಂತ ತಿಳಿದವರು ಕೂತು ಮಾಡಬೇಕಾದ ಕೆಲಸ. ಹಳೆಯ ಭಾಗವತರು ಮತ್ತು ಹೊಸ ಹುಡುಗರು ಹದಿನೈದು ದಿನ ಒಂದೇ ಕಡೆ ಕೂತು ಇದನ್ನು ಮಾಡುವುದಕ್ಕೆ ಊಟ, ವಸತಿ, ಸಂಭಾವನೆ ಕೊಡುವ ಯೋಜನೆ ಬರಲಿ. ಒಂದು ದೊಡ್ಡ ಉತ್ಸವದ ಪೆಂಡಾಲಿನ ಖರ್ಚಿನ ಪಕ್ಕದಲ್ಲಿ ಇಟ್ಟರೆ ಅದೇನೂ ಅಲ್ಲ.

ಉತ್ಸವ ಜಾಸ್ತಿ ಮಾಡಿದರೆ ಕಲಾವಿದರಿಗೆ ಅವಕಾಶ ಜಾಸ್ತಿ ಆಗಲ್ವಾ?

ಆ ಒಂದು ಸಂಜೆ ಆಗುತ್ತೆ. ಇಲಾಖೆಯ ಸುಗ್ಗಿ ಹುಗ್ಗಿ, ಜನಪರ ಉತ್ಸವ, ಗಿರಿಜನ ಉತ್ಸವ, ಯುವ ಸೌರಭ, ಚಿಗುರು ಇವೆಲ್ಲ ಬೇಕು, ಇವುಗಳಿಂದ ಹೊಸ ತಂಡಗಳು ಬೆಳಕಿಗೆ ಬಂದಿವೆ. ನನ್ನ ತಕರಾರು ಬೇರೆ. ವೇದಿಕೆಗೆ ದುಡ್ಡಿದೆ, ವೇದಿಕೆ ಹತ್ತುವ ಮುಂಚಿನ ಹತ್ತು ವರ್ಷಕ್ಕೆ ಇಲ್ಲ. ವೀರಗಾಸೆಯವರನ್ನು ಮೆರವಣಿಗೆಯ ಮುಂದೆ ನಿಲ್ಲಿಸಿ ಫೋಟೋ ತೆಗೆಯುತ್ತೇವೆ. ಆ ಹುಡುಗರಿಗೆ ಒಡಪು, ಅಂದರೆ ಕುಣಿತದ ನಡುವೆ ಗಟ್ಟಿಯಾಗಿ ಹೇಳುವ ಮಾತು, ಕಲಿಸಿದವರು ಎಲ್ಲಿದ್ದಾರೆ, ಹೇಗಿದ್ದಾರೆ ಅಂತ ಕೇಳಿದವರು ಕಡಿಮೆ. ರಾಜ್ಯದ ಯೋಜನೆಯಲ್ಲಿ ಒಂದೇ ಒಂದು ವಿಷಯಕ್ಕೆ ದುಡ್ಡು ಇಡುವುದಾದರೆ ಕಲಿಸುವವರಿಗೆ ತಿಂಗಳ ಸಂಬಳ ಇಡಿ ಅಂತ ನಾನು ಹೇಳುತ್ತೇನೆ.

ಬೇಲೂರು, ಹಳೇಬೀಡಿನ ವಿಷಯವೂ ಇಲ್ಲೇ ಬರುತ್ತೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಸ್ಥಾನಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಸಂತೋಷ. ಪ್ರವಾಸಿಗರು ಬರುತ್ತಾರೆ, ಮದನಿಕೆಯರ ಫೋಟೋ ತೆಗೆದುಕೊಳ್ಳುತ್ತಾರೆ, ಊಟ ಮಾಡಿ ಸಂಜೆಗೆ ಚಿಕ್ಕಮಗಳೂರಿನ ಹೋಂಸ್ಟೇ ಕಡೆ ಗಾಡಿ ತಿರುಗಿಸುತ್ತಾರೆ. ಕಲ್ಲಿನಲ್ಲಿ ಮದ್ದಲೆ ಬಾರಿಸುವವರನ್ನು ನೋಡಿದವರಿಗೆ ಅದೇ ಜಿಲ್ಲೆಯಲ್ಲಿ ಜೀವಂತವಾಗಿ ಮದ್ದಲೆ ಬಾರಿಸುವವರು ಇದ್ದಾರೆ ಅಂತ ತಿಳಿಯುವುದೇ ಇಲ್ಲ. ವಾರಕ್ಕೆ ಎರಡು ಸಂಜೆ, ದೇವಸ್ಥಾನದ ಆವರಣದ ಹೊರಗೆ, ಒಂದು ಗಂಟೆಯ ಕಾರ್ಯಕ್ರಮ, ಸರದಿಯ ಮೇಲೆ ಸ್ಥಳೀಯ ತಂಡಗಳು. ಪ್ರವಾಸೋದ್ಯಮ ಇಲಾಖೆ ಮತ್ತು ಸಂಸ್ಕೃತಿ ಇಲಾಖೆ ಒಟ್ಟಿಗೆ ಕೂತು ಮಾತಾಡಿದರೆ ಆಗುವಂಥದ್ದೇ.

ಎಲ್ಲ ಬೆಂಗಳೂರು, ಮೈಸೂರಿಗೇ ಹೋಗುತ್ತಲ್ಲ?

ಸ್ವಲ್ಪ ಮಟ್ಟಿಗೆ ನಿಜ. ರಂಗಾಯಣ 1989ರಲ್ಲಿ ಬಿ.ವಿ. ಕಾರಂತರ ಕೈಯಲ್ಲಿ ಮೈಸೂರಿನಲ್ಲಿ ಶುರುವಾಯಿತು, ಆಮೇಲೆ ಶಿವಮೊಗ್ಗ, ಧಾರವಾಡ, ಕಲಬುರಗಿಗೂ ಬಂತು. ನಾವು ಮೈಸೂರಿಗೂ ಶಿವಮೊಗ್ಗಕ್ಕೂ ನಡುವೆ ಇದ್ದೇವೆ, ನಾಟಕ ನೋಡಬೇಕಾದರೆ ಯಾವುದಾದರೂ ತಂಡ ತಿರುಗಾಟಕ್ಕೆ ಬರುವುದನ್ನು ಕಾಯಬೇಕು. ಹಾಸನಕ್ಕೊಂದು ರಂಗಾಯಣ ಕೊಡಿ ಅನ್ನುವುದು ಭಾಷಣಕ್ಕೆ ಚೆನ್ನಾಗಿರುತ್ತೆ. ಇರುವ ರಂಗಾಯಣಗಳು ವರ್ಷಕ್ಕೆ ಇಷ್ಟು ದಿನ ಹಾಸನದ ಹಾಸನಾಂಬ ಕಲಾಕ್ಷೇತ್ರದಲ್ಲಿ, ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರದಲ್ಲಿ ಪ್ರಯೋಗ ಮಾಡಲಿ, ಮಾರನೆಯ ದಿನ ಇಲ್ಲಿನ ಹುಡುಗರಿಗೆ ಶಿಬಿರ ನಡೆಸಲಿ ಅಂತ ಕೇಳುವುದು ನನಗೆ ಜಾಸ್ತಿ ಪ್ರಯೋಜನದ್ದು ಅನಿಸುತ್ತೆ.

ದೊಡ್ಡ ಊರೇ ಬೇಕು ಅಂತಲೂ ಇಲ್ಲ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ನೋಡಿ, ಕಾವೇರಿ ದಡದ ಸಣ್ಣ ಊರು. ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು. ಸಂಗೀತಗಾರರ ಸಾಲೇ ಅಲ್ಲಿಂದ ಬಂದಿದೆ. ಈಗ ಅಲ್ಲಿ ತಂಬೂರಿ ಆಕಾರದ ಮಂದಿರವೂ ಇದೆ, ವಿದ್ವಾನ್ ಆರ್.ಕೆ. ಪದ್ಮನಾಭ ಅವರು ಮುಂದೆ ನಿಂತು ಕಟ್ಟಿಸಿದ್ದು. ಆದರೆ ಒಂದು ಮಾತು. ಊರಿನಿಂದ ಹೋಗಿ ಬೆಳೆದವರು ತಿರುಗಿ ಊರಿಗೆ ಏನಾದರೂ ಮಾಡಿದ್ದರಿಂದ ಅದು ನಡೆಯುತ್ತಿದೆ. ಸೋಮನ ಕುಣಿತದವರಿಗೆ, ವೀರಗಾಸೆಯವರಿಗೆ ಆ ರೀತಿ ಹೊರಗೆ ಹೋಗಿ ಗಟ್ಟಿಯಾದವರು ಎಷ್ಟು ಜನ ಇದ್ದಾರೆ? ಅವರಿಗೆ ಸರ್ಕಾರವೇ ನಿಲ್ಲಬೇಕು.

ಸಂಘ ನೋಂದಣಿ ಮಾಡಿಸಲೇಬೇಕಾ?

ಧನಸಹಾಯ ಬೇಕಾದರೆ ಮಾಡಿಸಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ಕನಿಷ್ಠ 7 ಜನ ಸದಸ್ಯರು ಬೇಕು. ನೋಂದಣಿ ಸುಲಭ, ಆಮೇಲಿನದೇ ಕಷ್ಟ. ಪ್ರತಿ ವರ್ಷ ಸರ್ವ ಸದಸ್ಯರ ಸಭೆ, ಆಡಿಟ್, ನೋಂದಣಾಧಿಕಾರಿಗಳಿಗೆ ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕಪತ್ರ. ಬಹಳ ಸಂಘಗಳು ಮೊದಲ ವರ್ಷದ ಹುಮ್ಮಸ್ಸಿನಲ್ಲಿ ಇದನ್ನೆಲ್ಲ ಮಾಡಿ ಆಮೇಲೆ ಬಿಟ್ಟಿರುತ್ತವೆ, ಅರ್ಜಿ ಹಾಕುವ ವಾರ ನೆನಪಾಗುತ್ತೆ. ದಂಡ ಕಟ್ಟಿ ಸರಿ ಮಾಡಿಸಿಕೊಳ್ಳುವ ಹೊತ್ತಿಗೆ ಕೊನೆ ದಿನ ದಾಟಿರುತ್ತೆ. ಲೆಕ್ಕ ಗೊತ್ತಿರುವ ಒಬ್ಬರನ್ನು ಖಜಾಂಚಿ ಮಾಡಿ, ಚೆನ್ನಾಗಿ ಹಾಡುವವರನ್ನು ಮಾಡಬೇಡಿ.

ಮಾಸಾಶನಕ್ಕೆ ಏನು ಬೇಕು?

ರಾಜ್ಯದ ಮಾಸಾಶನಕ್ಕೆ 58 ವರ್ಷ ತುಂಬಿರಬೇಕು. ವಯಸ್ಸಿನ ದಾಖಲೆ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಆಧಾರ್ ಇರಲಿ. ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು ಕಲಾಸೇವೆಯ ದಾಖಲೆಯಲ್ಲಿ. ಕರಪತ್ರ, ಆಹ್ವಾನ ಪತ್ರಿಕೆ, ಪ್ರಶಂಸಾ ಪತ್ರ, ಫೋಟೋ, ಪೇಪರ್ ಕಟಿಂಗ್, ಏನಿದ್ದರೂ ಎಸೆಯಬೇಡಿ. ಮಳೆಗಾಲದಲ್ಲಿ ಮನೆ ಸೋರಿ ಅರ್ಧ ಹಾಳಾಗಿರುತ್ತೆ, ಆದ್ದರಿಂದ ಈಗಲೇ ಮೊಮ್ಮಕ್ಕಳ ಕೈಯಲ್ಲಿ ಮೊಬೈಲಿನಲ್ಲಿ ಫೋಟೋ ತೆಗೆಸಿಡಿ. ಸೋಬಾನೆ ಹಾಡುವ ಅಜ್ಜಿಗೆ ಯಾರು ಪ್ರಶಂಸಾ ಪತ್ರ ಕೊಟ್ಟಿದ್ದಾರೆ ಹೇಳಿ? ಮದುವೆ ಮನೆಯಲ್ಲಿ ಎಲೆ ಅಡಿಕೆ ಕೊಟ್ಟು ಕಳಿಸಿದ್ದೇ ಅವರಿಗೆ ಸಿಕ್ಕ ಮರ್ಯಾದೆ. ಗ್ರಾಮಸಭೆಯ ಪಟ್ಟಿಯನ್ನು ದಾಖಲೆ ಅಂತ ಒಪ್ಪಬೇಕು ಅನ್ನುವುದು ನಾವು ರಾಜ್ಯದ ಮುಂದೆ ಇಡಬೇಕಾದ ಬೇಡಿಕೆ.

ಪರಿಶಿಷ್ಟ ಜಾತಿ, ಪಂಗಡದ ಕಲಾವಿದರಿಗೆ ಬೇರೆ ಹಣ ಇದೆಯಾ?

ಇದೆ. ಪರಿಶಿಷ್ಟ ಜಾತಿ, ಪಂಗಡದ ಉಪಯೋಜನೆಗಳ ಬಗ್ಗೆ ರಾಜ್ಯ ಮಾಡಿದ 2013ರ ಕಾಯ್ದೆಯ ಪ್ರಕಾರ ಇಲಾಖೆಗಳು ಇದಕ್ಕೆಂದೇ ಹಣ ತೆಗೆದಿಡಬೇಕು, ಸಂಸ್ಕೃತಿ ಇಲಾಖೆಯೂ ಅದರಲ್ಲಿ ಸೇರಿದೆ. ತಮಟೆ, ನಗಾರಿ ಬಾರಿಸುವ ತಂಡಗಳು ವಾದ್ಯಕ್ಕೆ ಅರ್ಜಿ ಹಾಕಬಹುದು. ಪ್ರಕಟಣೆ ಬಂದಾಗ ತಿಳಿಯದೇ ಹೋಗುವುದೇ ಜಾಸ್ತಿ, ಕಚೇರಿಯ ನೋಟಿಸ್ ಬೋರ್ಡ್ ನೋಡುತ್ತಿರಿ.

ಮಕ್ಕಳಿಗೆ?

ಶಾಲೆಯಲ್ಲಿ ಪ್ರತಿಭಾ ಕಾರಂಜಿ ಇದೆ, ಇಲಾಖೆಯ ಚಿಗುರು ಇದೆ. ಕೇಂದ್ರ ಸರ್ಕಾರದ ಸಾಂಸ್ಕೃತಿಕ ತರಬೇತಿ ಸಂಸ್ಥೆ ಸಿಸಿಆರ್‌ಟಿಯ ವಿದ್ಯಾರ್ಥಿವೇತನ 10ರಿಂದ 14 ವರ್ಷದ ಮಕ್ಕಳಿಗೆ, ಅದರಲ್ಲಿ ಅಪರೂಪದ ಜನಪದ ಕಲೆ ಕಲಿಯುವವರಿಗೂ ಅವಕಾಶ ಇದೆ. ನಮ್ಮ ಕಡೆಯಿಂದ ಭರತನಾಟ್ಯದ ಮಕ್ಕಳು ಹಾಕುತ್ತಾರೆ, ಮದ್ದಲೆ ಕಲಿಯುವ ಹುಡುಗ ಹಾಕಿದ್ದನ್ನು ನಾನಂತೂ ನೋಡಿಲ್ಲ. ಹಾಕಿಸಿ.

ಕಂಪನಿಗಳ ಹತ್ತಿರ, ಕಾಫಿ ಎಸ್ಟೇಟಿನವರ ಹತ್ತಿರ ಕೇಳಬಹುದಾ?

ಕೇಳಬಹುದು, ಆದರೆ ಎರಡನ್ನೂ ಬೇರೆ ಬೇರೆ ರೀತಿ. 2013ರ ಕಂಪನಿ ಕಾಯ್ದೆಯಲ್ಲಿ ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ಇದೆ. ವರ್ಷಕ್ಕೆ 5 ಕೋಟಿ ನಿವ್ವಳ ಲಾಭ ಅಥವಾ 1000 ಕೋಟಿ ವಹಿವಾಟು ಅಥವಾ 500 ಕೋಟಿ ನಿವ್ವಳ ಮೌಲ್ಯ ಇರುವ ಕಂಪನಿ ಲಾಭದ ಸರಾಸರಿಯಲ್ಲಿ ಶೇ 2ರಷ್ಟು ಖರ್ಚು ಮಾಡಬೇಕು. ಯಾವುದಕ್ಕೆ ಖರ್ಚು ಮಾಡಬಹುದು ಅನ್ನುವ ಪಟ್ಟಿಯಲ್ಲಿ ಸಾಂಪ್ರದಾಯಿಕ ಕಲೆಯೂ ಇದೆ. ತೋಟದ ಯಜಮಾನರಲ್ಲಿ ಹೆಚ್ಚಿನವರು ಈ ಲೆಕ್ಕಕ್ಕೆ ಬರುವುದಿಲ್ಲ. ಅವರ ಹತ್ತಿರ ಕಾನೂನು ಹೇಳಬೇಡಿ, ಊರ ಹಬ್ಬಕ್ಕೆ ಕರೆದು ಮುಂದೆ ಕೂರಿಸಿ, ಆಮೇಲೆ ಕೇಳಿ. ಕಾಫಿ ರೇಟು ಚೆನ್ನಾಗಿರುವ ವರ್ಷ ಕೇಳಿದರೆ ಇನ್ನೂ ಒಳ್ಳೆಯದು.

ಕಾರ್ಯಕ್ರಮ ಮಾಡಿ ತಿಂಗಳುಗಳಾದವು, ಸಂಭಾವನೆ ಬಂದಿಲ್ಲ.

ಇದು ಎಲ್ಲರ ದೂರು. ಹೋಗುವ ಮುಂಚೆ ಲಿಖಿತ ಆದೇಶ ತಗೊಳ್ಳಿ, ಬಾಯಿ ಮಾತಿನ ಮೇಲೆ ಗಾಡಿ ಹತ್ತಬೇಡಿ. ತಂಡದ ಫೋಟೋ ದಿನಾಂಕದ ಜೊತೆ ಇಟ್ಟುಕೊಳ್ಳಿ, ಬ್ಯಾಂಕ್ ವಿವರ ಅವತ್ತೇ ಕೊಟ್ಟು ಸಹಿ ತಗೊಳ್ಳಿ. ಆದರೂ ಬರದಿದ್ದರೆ ಬಿಲ್ಲು ಯಾವ ಹಂತದಲ್ಲಿದೆ ಅಂತ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿ ಹಾಕಿದರೆ ಮುಂದಿನ ಸಲ ಕರೆಯಲ್ಲ ಅಂತ ಹೆದರುತ್ತಾರೆ. ಹೆದರಿಕೆ ಸುಳ್ಳಲ್ಲ. ಅದಕ್ಕೇ ಒಬ್ಬೊಬ್ಬರಾಗಿ ಹಾಕುವ ಬದಲು ಐದಾರು ತಂಡದವರು ಸೇರಿ ಒಂದೇ ಮನವಿ ಕೊಡಿ.

ಯೋಜನೆಗೆ ನಮ್ಮ ಮಾತು ಸೇರಬೇಕಾದರೆ ಯಾವಾಗ ಮನವಿ ಕೊಡಬೇಕು?

ಮಾರ್ಚ್‌ನಲ್ಲಿ ಕೊಟ್ಟರೆ ಪ್ರಯೋಜನ ಇಲ್ಲ, ಅಷ್ಟು ಹೊತ್ತಿಗೆ ಎಲ್ಲ ಮುಗಿದಿರುತ್ತೆ. ಪಂಚಾಯಿತಿ ಯೋಜನೆಯ ಗ್ರಾಮಸಭೆಗಳು ಗಾಂಧಿ ಜಯಂತಿಯ ನಂತರ ಶುರುವಾಗುತ್ತವೆ. ಇಲಾಖೆಗಳು ಬಜೆಟ್ಟಿಗೆ ಪ್ರಸ್ತಾವನೆ ತಯಾರಿಸುವುದು ಹೆಚ್ಚುಕಮ್ಮಿ ಡಿಸೆಂಬರ್, ಜನವರಿಯಲ್ಲಿ. ಅದಕ್ಕಿಂತ ಮುಂಚೆ ನಿಮ್ಮ ಪಟ್ಟಿ, ಬೇಡಿಕೆ ಎರಡೂ ಸಹಾಯಕ ನಿರ್ದೇಶಕರಿಗೆ, ಶಾಸಕರಿಗೆ, ಸಂಬಂಧಪಟ್ಟ ಅಕಾಡೆಮಿಗೆ ಹೋಗಿರಬೇಕು. ಮಲೆನಾಡಿನ ಕಡೆಯವರಿಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಹೇಗೂ ಬಯಲಲ್ಲಿ ಕಾರ್ಯಕ್ರಮ ಇರುವುದಿಲ್ಲ, ಪಟ್ಟಿ ಮಾಡುವ ಕೆಲಸಕ್ಕೆ ಆ ಮಳೆಗಾಲವೇ ಸರಿ. ಚುನಾವಣೆ ನೀತಿ ಸಂಹಿತೆ ಬಂದರೆ ಎಲ್ಲ ನಿಲ್ಲುತ್ತೆ, ಅದನ್ನೂ ನೋಡಿಕೊಳ್ಳಿ. ಮನವಿ ಎರಡು ಪುಟ ಮೀರಬೇಡಿ. ಎರಡು ಪ್ರತಿ ತಗೊಂಡು ಹೋಗಿ ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡು ಬನ್ನಿ.